ಶೂ ಎಸೆದವರು ಮನೆಗೆ, ಟ್ವೀಟ್ ಮಾಡಿದವರು ಕಟಕಟೆಗೆ: ನ್ಯಾಯಾಂಗ ನಿಂದನೆ ಕಾಯ್ದೆ ಯಾರ ಮರ್ಯಾದೆ ಕಾಯುತ್ತದೆ?

2025ರ ಅಕ್ಟೋಬರ್ 6. ಸುಪ್ರೀಂ ಕೋರ್ಟ್‌ನಲ್ಲಿ ಕಲಾಪ ನಡೆಯುತ್ತಿದ್ದಾಗಲೇ 71 ವರ್ಷದ ವಕೀಲರೊಬ್ಬರು ಕಾಲಿನ ಶೂ ಬಿಚ್ಚಿ, ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರ ಕಡೆ ಎಸೆಯಲು ಹೋದರು. ಖಜುರಾಹೊದ ವಿಷ್ಣು ವಿಗ್ರಹದ ಅರ್ಜಿ ವಜಾ ಮಾಡುವಾಗ ಮುಖ್ಯ ನ್ಯಾಯಮೂರ್ತಿ ಆಡಿದ ಒಂದು ಮಾತು ಅವರಿಗೆ ಸಿಟ್ಟು ತರಿಸಿತ್ತು. ಭದ್ರತಾ ಸಿಬ್ಬಂದಿ ಹಿಡಿದುಕೊಂಡು ಹೋದರು. ಗವಾಯಿ ಅವರು ಏನೂ ಆಗಿಲ್ಲ ಅನ್ನೋ ಹಾಗೆ ವಾದ ಮುಂದುವರಿಸಲು ಹೇಳಿದರು. ದೂರು ಕೊಡಲಿಲ್ಲ. ದೆಹಲಿ ಪೊಲೀಸರು ಕೆಲವು ಗಂಟೆ ಕೂರಿಸಿಕೊಂಡು ವಿಚಾರಿಸಿ ಬಿಟ್ಟು ಕಳಿಸಿದರು, ಶೂ ಕೂಡ ವಾಪಸ್ ಕೊಟ್ಟರು.

ಆಮೇಲೆ ನಡೆದದ್ದು ಇನ್ನೂ ಗೊಂದಲದ್ದು. ವಕೀಲರ ಪರಿಷತ್ತು ಅವರ ಸನ್ನದನ್ನು ಅಮಾನತು ಮಾಡಿತು. ನ್ಯಾಯಾಂಗ ನಿಂದನೆ ಕೇಸು ಹಾಕಲು ಕೇಂದ್ರ ಸರ್ಕಾರದ ಹಿರಿಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್ ಒಪ್ಪಿಗೆಯನ್ನೂ ಕೊಟ್ಟರು. ಆದರೆ ಸುಪ್ರೀಂ ಕೋರ್ಟೇ ಮನಸ್ಸು ಮಾಡಲಿಲ್ಲ. ಮುಖ್ಯ ನ್ಯಾಯಮೂರ್ತಿಗಳೇ ಕ್ಷಮಿಸಿದ್ದಾರೆ, ನೋಟಿಸ್ ಕೊಟ್ಟರೆ ಆ ಮನುಷ್ಯನಿಗೇ ಇನ್ನಷ್ಟು ಪ್ರಚಾರ ಸಿಗುತ್ತದೆ ಅನ್ನೋ ಧಾಟಿಯಲ್ಲಿ ಮಾತಾಡಿ, ಮುಂದೆ ಇಂಥದ್ದು ಆಗದಂತೆ ಮಾರ್ಗಸೂಚಿ ಮಾಡುವ ಬಗ್ಗೆ ಯೋಚಿಸುತ್ತೇವೆ ಅಂದಿತು.

ಈಗ 2020ಕ್ಕೆ ಹೋಗಿ. ವಕೀಲ ಪ್ರಶಾಂತ್ ಭೂಷಣ್ ಎರಡು ಟ್ವೀಟ್ ಮಾಡಿದ್ದರು. ಒಂದರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ಬೈಕ್ ಮೇಲೆ ಕೂತ ಫೋಟೊದ ಬಗ್ಗೆ ಟೀಕೆ, ಇನ್ನೊಂದರಲ್ಲಿ ಕೋರ್ಟ್ ಹಿಂದಿನ ಕೆಲವು ವರ್ಷ ನಡೆದುಕೊಂಡ ರೀತಿಯ ಬಗ್ಗೆ ಟೀಕೆ. ಅದಕ್ಕೆ ಅದೇ ಸುಪ್ರೀಂ ಕೋರ್ಟ್ ತಾನಾಗೇ ಕೇಸು ಎತ್ತಿಕೊಂಡು, ಆಗಸ್ಟ್ 14ರಂದು ತಪ್ಪಿತಸ್ಥ ಅಂದಿತು, 31ರಂದು 1 ರೂಪಾಯಿ ದಂಡ ಹಾಕಿತು. ಕಟ್ಟದಿದ್ದರೆ ಮೂರು ತಿಂಗಳು ಜೈಲು, ಮೂರು ವರ್ಷ ವಕೀಲಿಕೆಗೆ ನಿಷೇಧ.

ಎದುರಿಗೆ ನಿಂತು ಶೂ ಎಸೆಯೋಕೆ ಹೋದವರಿಗೆ ಕೋರ್ಟ್‌ನಿಂದ ಶಿಕ್ಷೆ ಇಲ್ಲ, ಫೋನಲ್ಲಿ ಟೈಪ್ ಮಾಡಿದವರಿಗೆ ಇದೆ. ಇದು ಹೇಗೆ? ಮಾಲೂರಿನಲ್ಲೋ ಶಿಡ್ಲಘಟ್ಟದಲ್ಲೋ ಕೂತು ಒಂದು ತೀರ್ಪಿನ ಬಗ್ಗೆ ಫೇಸ್‌ಬುಕ್‌ನಲ್ಲಿ ನಾಲ್ಕು ಸಾಲು ಬರೆಯುವವರು ಹೆದರಬೇಕಾ ಬೇಡವಾ?

ಕಾಯ್ದೆ ಕಾಯೋದು ಜಡ್ಜ್ ಅನ್ನಲ್ಲ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ನ್ಯಾಯಾಂಗ ನಿಂದನೆ ಅಂದರೆ ಜಡ್ಜ್ ಸಾಹೇಬರ ಮಾನನಷ್ಟ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಜಡ್ಜ್ ಒಬ್ಬರನ್ನು ವೈಯಕ್ತಿಕವಾಗಿ ಬೈದರೆ, ಅವರ ಮನೆ ವಿಚಾರ ಎತ್ತಿ ಆಡಿದರೆ, ಅವರೂ ನಮ್ಮ ನಿಮ್ಮ ಹಾಗೆ ಮಾನನಷ್ಟ ಮೊಕದ್ದಮೆ ಹೂಡಬಹುದು. ಅದು ಬೇರೆ ದಾರಿ. ನಿಂದನೆ ಕಾಯ್ದೆ ಇರುವುದು ಜನ ಕೋರ್ಟ್ ಮೇಲೆ ಇಟ್ಟ ನಂಬಿಕೆ ಕಾಯುವುದಕ್ಕೆ. 'ಈ ಕೋರ್ಟಿಗೆ ಹೋಗಿ ಪ್ರಯೋಜನ ಇಲ್ಲ, ಇಲ್ಲಿ ನ್ಯಾಯ ಮಾರಾಟಕ್ಕಿದೆ' ಅಂತ ಜನ ನಂಬಿಬಿಟ್ಟರೆ ಆದೇಶಕ್ಕೆ ಯಾರೂ ಬೆಲೆ ಕೊಡಲ್ಲ, ಆಮೇಲೆ ಜಗಳ ಬೀದಿಯಲ್ಲೇ ಇತ್ಯರ್ಥ ಆಗುತ್ತದೆ ಅನ್ನೋದು ಇದರ ಹಿಂದಿನ ಲೆಕ್ಕ. 1953ರಲ್ಲೇ ಸುಪ್ರೀಂ ಕೋರ್ಟ್ ಈ ಎರಡನ್ನೂ ಬೇರೆ ಮಾಡಿ ಹೇಳಿದೆ.

ಹೇಳುವುದು ಸುಲಭ, ಪಾಲಿಸುವುದು ಕಷ್ಟ. ಬೈಸಿಕೊಂಡವರು ಒಬ್ಬ ಮನುಷ್ಯ, ತೀರ್ಪು ಹೇಳುವವರು ಅವರ ಪಕ್ಕದ ಕೋಣೆಯಲ್ಲಿ ಕೂರುವ ಇನ್ನೊಬ್ಬ ಮನುಷ್ಯ. ಸಂಸ್ಥೆಗೆ ಪೆಟ್ಟಾಯಿತಾ, ವ್ಯಕ್ತಿಗೆ ನೋವಾಯಿತಾ ಅಂತ ಬಿಡಿಸಿ ನೋಡುವ ಗೆರೆ ಎಷ್ಟು ತೆಳು ಅನ್ನೋದು ಊಹಿಸಬಹುದು.

ಇನ್ನೊಂದು ಗೊಂದಲವೂ ಇದೆ. ನಿಂದನೆಯಲ್ಲಿ ಎರಡು ಬಗೆ. ಕೋರ್ಟ್ ಆದೇಶ ಕೊಟ್ಟ ಮೇಲೂ ಪಾಲಿಸದಿದ್ದರೆ ಅದು ಸಿವಿಲ್ ನಿಂದನೆ. ಪರಿಹಾರ ಕೊಡಿ ಅಂದರೂ ಕೊಡದ ಅಧಿಕಾರಿ, ಖಾತೆ ಮಾಡಿ ಅಂದರೂ ಮಾಡದ ಕಚೇರಿ, ಎಲ್ಲ ಇದರೊಳಗೆ. ಕೋರ್ಟುಗಳಲ್ಲಿರುವ ನಿಂದನೆ ಅರ್ಜಿಗಳಲ್ಲಿ ಜಾಸ್ತಿ ಇರುವುದು ಇವೇ, ಮತ್ತು ಇವು ಸಾಮಾನ್ಯ ಜನರಿಗೆ ನಿಜವಾಗಿ ಉಪಯೋಗಕ್ಕೆ ಬರುವ ಅಸ್ತ್ರ. ಇದರ ಬಗ್ಗೆ ಯಾರದ್ದೂ ತಕರಾರಿಲ್ಲ. ಜಗಳ ಇರುವುದು ಕ್ರಿಮಿನಲ್ ನಿಂದನೆ ಬಗ್ಗೆ, ಅದರಲ್ಲೂ 'ಕೋರ್ಟಿಗೆ ಕಳಂಕ ತರುವ ಮಾತು' ಅನ್ನೋ ಭಾಗದ ಬಗ್ಗೆ.

'ತರುವಂತಿರುವ' ಅನ್ನೋ ಒಂದು ಪದ

ಈ ಕಾಯ್ದೆ 1971ರದ್ದು. ಅದರ ಪ್ರಕಾರ ಕೋರ್ಟಿಗೆ ಕಳಂಕ ತಂದರೆ ಅಪರಾಧ. ಕಳಂಕ 'ತರುವಂತಿದ್ದರೂ' ಅಪರಾಧ. ಎಲ್ಲ ತಂಟೆ ಈ ಎರಡನೇ ಪದದ್ದು. ನಿಮ್ಮ ಮಾತಿನಿಂದ ಯಾರ ನಂಬಿಕೆಯೂ ಕೆಟ್ಟಿಲ್ಲ, ನಿಮ್ಮ ಪೋಸ್ಟಿಗೆ ಬಂದದ್ದು ಮೂರು ಲೈಕ್, ಆದರೂ ಅದು ಕಳಂಕ ತರುವಂತಿದೆ ಅಂತ ಕೋರ್ಟಿಗೆ ಅನ್ನಿಸಿದರೆ ಸಾಕು. ಶಿಕ್ಷೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. (1971ರಲ್ಲಿ 2,000 ದೊಡ್ಡ ದುಡ್ಡು. ಈಗ ಒಂದು ದಿನ ವಾಯಿದೆಗೆ ಹೋಗಿ ಬರುವ ಕಕ್ಷಿದಾರನಿಗೇ ಅಷ್ಟು ಖರ್ಚಾಗಬಹುದು.) ಮನಸಾರೆ ಕ್ಷಮೆ ಕೇಳಿದರೆ ಬಿಡಲೂಬಹುದು.

ಹಾಗಂತ ಕಾಯ್ದೆ ಬಾಯಿ ಹೊಲಿಯುವುದಿಲ್ಲ. 5ನೇ ಕಲಂ ಪ್ರಕಾರ ತೀರ್ಪಾದ ಕೇಸಿನ ನ್ಯಾಯಯುತ ಟೀಕೆ ನಿಂದನೆ ಅಲ್ಲ. 13ನೇ ಕಲಂ ಪ್ರಕಾರ ನ್ಯಾಯದಾನಕ್ಕೆ ಗಟ್ಟಿಯಾದ ಅಡ್ಡಿ ಆಗದ ಹೊರತು ಶಿಕ್ಷೆ ಕೊಡುವಂತಿಲ್ಲ. 2006ರ ತಿದ್ದುಪಡಿ ಆದ ಮೇಲೆ, ಹೇಳಿದ್ದು ಸತ್ಯ, ಸಾರ್ವಜನಿಕರ ಒಳಿತಿಗಾಗಿ ಹೇಳಿದ್ದು ಅಂತ ತೋರಿಸಿಯೂ ಪಾರಾಗಬಹುದು. ಅಲ್ಲಿಯವರೆಗೆ ನಿಜ ಹೇಳಿದೆ ಅನ್ನೋದು ಸಮರ್ಥನೆಯೇ ಆಗುತ್ತಿರಲಿಲ್ಲ ಅನ್ನೋದನ್ನ ನೆನಪಿಟ್ಟುಕೊಳ್ಳಿ. ಮೂವತ್ತೈದು ವರ್ಷ ಹಾಗೇ ನಡೆಯಿತು.

ಮಾಲೂರಿನ ಮರುಎಣಿಕೆ, ಕೋಲಾರದ ಕೆರೆ ನೀರು

ನಮ್ಮ ಕಡೆಯ ಉದಾಹರಣೆ ತಗೊಂಡರೆ ಸಲೀಸಾಗಿ ಅರ್ಥ ಆಗುತ್ತದೆ. 2023ರ ವಿಧಾನಸಭೆ ಚುನಾವಣೆಯಲ್ಲಿ ಮಾಲೂರಿನ ಫಲಿತಾಂಶ 248 ಮತದಲ್ಲಿ ನಿಂತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆಯ್ಕೆಯನ್ನೇ ಅಸಿಂಧು ಮಾಡಿ ಮರುಎಣಿಕೆಗೆ ಹೇಳಿತು. ಮುಂದಿನ ತಿಂಗಳು ಸುಪ್ರೀಂ ಕೋರ್ಟ್, ಅಸಿಂಧು ಮಾಡಿದ ಆದೇಶಕ್ಕೆ ತಡೆ ಕೊಟ್ಟು, ಮರುಎಣಿಕೆಗೆ ಮಾತ್ರ ಅವಕಾಶ ಕೊಟ್ಟಿತು. ಎರಡು ತಿಂಗಳಲ್ಲಿ ಎರಡು ಆದೇಶ. ಒಂದು ಬಂದಾಗ ಒಂದು ಕಡೆಯವರಿಗೆ ಖುಷಿ, ಇನ್ನೊಂದು ಬಂದಾಗ ಇನ್ನೊಂದು ಕಡೆಯವರಿಗೆ.

ಈಗ 'ಹೈಕೋರ್ಟ್ ಹೇಳಿದ್ದು ತಪ್ಪು, ಮತ ಎಣಿಕೆಯಲ್ಲಿ ಲೋಪ ಇದ್ದ ಮಾತ್ರಕ್ಕೆ ಆಯ್ಕೆ ರದ್ದು ಮಾಡಬಾರದಿತ್ತು' ಅಂತ ಬರೆದರೆ ಅದು ಟೀಕೆ. 'ಸುಪ್ರೀಂ ಕೋರ್ಟ್ ತಡೆ ಕೊಡಬಾರದಿತ್ತು' ಅಂದರೂ ಟೀಕೆ. ಎಷ್ಟು ಖಾರವಾಗಿ ಬರೆದರೂ ಟೀಕೆಯೇ. ಕೆ.ಸಿ. ವ್ಯಾಲಿ ನೀರಿನ ವಿಚಾರವೂ ಹಾಗೇ. 2018ರಲ್ಲಿ ಹೈಕೋರ್ಟ್ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುವುದನ್ನು ಕೆಲಕಾಲ ನಿಲ್ಲಿಸಿತ್ತು. ಬತ್ತಿದ ಕೆರೆಗೆ ನೀರು ಬಂತಲ್ಲ ಅಂತಿದ್ದ ರೈತರು ಆ ಆದೇಶವನ್ನು ಒಪ್ಪಲಿಲ್ಲ, ಆ ನೀರಿನ ಗುಣಮಟ್ಟಕ್ಕೆ ಹೆದರಿದವರು ಒಪ್ಪಿದರು. ಎರಡೂ ಕಡೆಯವರು ಬಾಯಿತುಂಬ ಮಾತಾಡಿದರು. ಆದೇಶದ ಬಗ್ಗೆ, ಅದರ ಕಾರಣಗಳ ಬಗ್ಗೆ, ಪರಿಣಾಮದ ಬಗ್ಗೆ ಮಾತಾಡುವುದಕ್ಕೆ ಕಾಯ್ದೆಯ ಭಯ ಬೇಡ.

ಗೆರೆ ದಾಟುವುದು ಎಲ್ಲಿ ಅಂದರೆ ಉದ್ದೇಶ ಹಚ್ಚುವಾಗ. ಯಾವುದೋ ಭಾಗದ ದಾವೆ ಸೋತವರು 'ಜಡ್ಜ್ ಎದುರು ಪಾರ್ಟಿ ಹತ್ತಿರ ದುಡ್ಡು ತಗೊಂಡು ಬರೆದಿದ್ದಾರೆ' ಅಂತ ಊರ ವಾಟ್ಸಾಪ್ ಗುಂಪಿಗೆ ಹಾಕಿದರು ಅಂದುಕೊಳ್ಳಿ. ಈಗ ಅದು ತೀರ್ಪಿನ ಟೀಕೆ ಅಲ್ಲ, ಆರೋಪ. ಕೈಯಲ್ಲಿ ಸಾಕ್ಷಿ ಇದ್ದರೆ ಸತ್ಯದ ಸಮರ್ಥನೆ ಇದೆ. ಸಾಕ್ಷಿ ಇಲ್ಲದೆ ಸುಮ್ನೆ ಸಿಟ್ಟಿಗೆ ಹಾಕಿದ್ದರೆ ಬಚಾವಾಗುವುದು ಕಷ್ಟ. 'ನಾನು ಬರೆದಿದ್ದಲ್ಲ, ಫಾರ್ವರ್ಡ್ ಮಾಡಿದ್ದು ಅಷ್ಟೇ' ಅನ್ನೋದೂ ಭದ್ರವಾದ ಉತ್ತರ ಅಲ್ಲ, ಯಾಕೆಂದರೆ ಕಾಯ್ದೆ ಕೇಳುವುದು ಪ್ರಕಟಿಸಿದ್ದು ಯಾರು ಅಂತ.

ನಮ್ಮ ಭಾಗದ್ದೇ ಇನ್ನೊಂದು ಮಾತು. ಬಾಗೇಪಲ್ಲಿ, ಪಾವಗಡ, ಮುಳಬಾಗಿಲು ಕಡೆ ಹಳ್ಳಿಯಿಂದ ಬಂದ ಸಾಕ್ಷಿ ಕಟಕಟೆಯಲ್ಲಿ ನಿಂತು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಜಡ್ಜ್‌ಗೇ ಏಕವಚನ ಬಳಸಿ ಮಾತಾಡಿದರೂ ಅದು ಅವಮಾನ ಆಗುವುದಿಲ್ಲ. ಕೋರ್ಟ್ ಒಳಗಿನ ಅವಮಾನಕ್ಕೆ ಶಿಕ್ಷೆ ಹೇಳುವ ಕಲಂನಲ್ಲಿ 'ಬೇಕೆಂದೇ' ಅನ್ನೋ ಷರತ್ತಿದೆ. ಭಾಷೆಯ ಒರಟುತನ ಬೇರೆ, ಬೇಕಂತಲೇ ಮರ್ಯಾದೆ ಕಳೆಯುವುದು ಬೇರೆ.

ಒಂದೇ ಕಾಯ್ದೆ, ಬೇರೆ ಬೇರೆ ಫಲ

ಮೊದಲ ಪ್ರಶ್ನೆಗೆ ಬರೋಣ. ಶೂ ಎಸೆಯೋಕೆ ಹೋದವರನ್ನ ಬಿಟ್ಟು ಟ್ವೀಟ್ ಮಾಡಿದವರನ್ನ ಹಿಡಿದದ್ದು ಯಾಕೆ? ಉತ್ತರ ಕಾಯ್ದೆಯೊಳಗೇ ಇದೆ. ಕೊಲೆ ಆದರೆ ಪೊಲೀಸರು ಕೇಸು ಹಾಕಲೇಬೇಕು. ನಿಂದನೆ ಹಾಗಲ್ಲ. ಅದು ಕೋರ್ಟಿನ ಕೈಯಲ್ಲಿರುವ ಅಧಿಕಾರ, ಬಳಸಬೇಕಾ ಬಿಡಬೇಕಾ ಅನ್ನೋದು ಕೋರ್ಟಿಗೇ ಬಿಟ್ಟದ್ದು. ಸಂವಿಧಾನದ 129ನೇ ವಿಧಿ ಸುಪ್ರೀಂ ಕೋರ್ಟಿಗೆ, 215ನೇ ವಿಧಿ ಹೈಕೋರ್ಟಿಗೆ ಈ ಅಧಿಕಾರ ಕೊಟ್ಟಿದೆ. ಹೊರಗಿನವರು ಅರ್ಜಿ ಹಾಕಬೇಕಾದರೆ ಸುಪ್ರೀಂ ಕೋರ್ಟ್ ವಿಚಾರದಲ್ಲಿ ಅಟಾರ್ನಿ ಜನರಲ್ ಅಥವಾ ಸಾಲಿಸಿಟರ್ ಜನರಲ್, ಹೈಕೋರ್ಟ್ ವಿಚಾರದಲ್ಲಿ ರಾಜ್ಯದ ಅಡ್ವೊಕೇಟ್ ಜನರಲ್ ಲಿಖಿತ ಒಪ್ಪಿಗೆ ಕೊಡಬೇಕು. ಒಪ್ಪಿಗೆ ಸಿಕ್ಕಿದರೂ ಕೋರ್ಟ್ ಬೇಡ ಅನ್ನಬಹುದು. ಶೂ ಪ್ರಕರಣದಲ್ಲಿ ಆದದ್ದು ಅದೇ.

ಅಂದರೆ ಎಲ್ಲ ನಿಂತಿರುವುದು ಆ ಹೊತ್ತಿನ ಜಡ್ಜ್‌ಗಳ ಮನೋಧರ್ಮದ ಮೇಲೆ. ಇದು ಹೊಸದಲ್ಲ. ಕೇರಳದ ಮುಖ್ಯಮಂತ್ರಿ ಆಗಿದ್ದ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್, ನ್ಯಾಯಾಧೀಶರು ವರ್ಗ ಪಕ್ಷಪಾತದಿಂದ ನಡೆದುಕೊಳ್ಳುತ್ತಾರೆ ಅಂದದ್ದಕ್ಕೆ ಹೈಕೋರ್ಟ್ 1,000 ರೂಪಾಯಿ ದಂಡ ಹಾಕಿತು. 1970ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 50 ರೂಪಾಯಿಗೆ ಇಳಿಸಿತು, ಆದರೆ ತಪ್ಪು ತಪ್ಪೇ ಅಂದಿತು. ಹದಿನೆಂಟು ವರ್ಷದ ನಂತರ ಕೇಂದ್ರ ಕಾನೂನು ಮಂತ್ರಿ ಪಿ. ಶಿವಶಂಕರ್ ಹೈದರಾಬಾದ್ ಭಾಷಣದಲ್ಲಿ ಸುಪ್ರೀಂ ಕೋರ್ಟ್ ಸಮಾಜಘಾತುಕರಿಗೆ ಆಶ್ರಯತಾಣ ಆಗಿದೆ ಅನ್ನೋ ಅರ್ಥದಲ್ಲಿ ಇನ್ನೂ ಖಾರವಾಗಿ ಮಾತಾಡಿದ್ದರ ಬಗ್ಗೆ ತೀರ್ಪು ಬಂತು. ಅದು ನಿಂದನೆ ಅಲ್ಲ ಅಂತಾಯಿತು. ಶಿವಶಂಕರ್ ಒಂದು ಕಾಲದಲ್ಲಿ ಹೈಕೋರ್ಟ್ ನ್ಯಾಯಮೂರ್ತಿ ಆಗಿದ್ದವರು. ಅವರದ್ದು ಒಳಗಿನವರ ಟೀಕೆ, ಕಮ್ಯುನಿಸ್ಟರದ್ದು ಹೊರಗಿನವರ ದಾಳಿ ಅಂತ ಎಣಿಸಿದರಾ? ಹಾಗಂತ ಕೇಳಿದವರು ಬಹಳ ಜನ, ಮತ್ತು ಕೇಳಿದ್ದರಲ್ಲಿ ಅರ್ಥ ಇದೆ.

2025ರಲ್ಲೇ ನೋಡಿ. ಏಪ್ರಿಲ್‌ನಲ್ಲಿ ಬಿಜೆಪಿ ಸಂಸದ ನಿಶಿಕಾಂತ್ ದುಬೆ, ದೇಶದ ಅಂತರ್ಯುದ್ಧಗಳಿಗೆಲ್ಲ ಆಗಿನ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಹೊಣೆ ಅಂದರು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಮಾತು ಬೇಜವಾಬ್ದಾರಿಯದ್ದು ಅಂತ ಕಟುವಾಗಿ ಹೇಳಿ, ಇಂಥ ಮಾತಿಗೆ ಬಾಡಿಹೋಗುವ ಹೂವು ನಾವಲ್ಲ ಅನ್ನೋ ಅರ್ಥದಲ್ಲಿ ಬರೆದು, ಕ್ರಮ ಕೈಬಿಟ್ಟಿತು. ಒಳ್ಳೆಯ ಮಾತು. ಆದರೆ 2020ರಲ್ಲಿ ಎರಡು ಟ್ವೀಟಿಗೆ ಬಾಡಿದ್ದು ಯಾವ ಹೂವು ಅಂತ ಯಾರಾದರೂ ಕೇಳಿದರೆ ಉತ್ತರ ಹೇಳುವುದು ಕಷ್ಟ, ಅಲ್ವಾ?

ಈ ಅಧಿಕಾರದ ಹುಟ್ಟೂ ತಮಾಷೆಯಾಗಿದೆ. ಜಡ್ಜ್‌ಗಳನ್ನು ಟೀಕಿಸಿದರೆ ಕೋರ್ಟಿಗೆ ಕಳಂಕ ಅನ್ನೋ ವಾದಕ್ಕೆ ಮೂಲ 1765ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ವಿಲ್ಮಟ್ ಬರೆದ ತೀರ್ಪು. ಪುಸ್ತಕ ವ್ಯಾಪಾರಿಯೊಬ್ಬನ ಮೇಲಿನ ಆ ಕೇಸಿನಲ್ಲಿ ಪ್ರತಿವಾದಿ ಹೆಸರೇ ತಪ್ಪಾಗಿ ನಮೂದಾಗಿ ಕೇಸು ಬಿದ್ದುಹೋಯಿತು, ತೀರ್ಪನ್ನು ಓದಿ ಹೇಳಲೇ ಇಲ್ಲ. ವಿಲ್ಮಟ್ ಸತ್ತ ಮೇಲೆ ಮಗ 1802ರಲ್ಲಿ ಅಪ್ಪನ ಕಾಗದಪತ್ರದ ಜೊತೆ ಅಚ್ಚು ಹಾಕಿಸಿದ. ಹೇಳದೇ ಉಳಿದ ತೀರ್ಪು ಎರಡೂವರೆ ಶತಮಾನ ದಾಟಿ ನಮ್ಮ ತಲೆ ಮೇಲೂ ಕೂತಿದೆ.

ತಾಲ್ಲೂಕು ಕೋರ್ಟ್ ಜಡ್ಜ್ ಕೈಯಲ್ಲಿ ಏನಿದೆ?

ಇಲ್ಲಿಯವರೆಗಿನ ಚರ್ಚೆಯೆಲ್ಲ ದೊಡ್ಡ ಕೋರ್ಟುಗಳದ್ದು. ಟಿವಿ ಚರ್ಚೆಯೂ ಅಷ್ಟಕ್ಕೇ ಮುಗಿಯುತ್ತದೆ. ನನ್ನ ಪ್ರಕಾರ ನಿಜವಾದ ಸಮಸ್ಯೆ ಇರುವುದು ಗುಡಿಬಂಡೆ, ಶ್ರೀನಿವಾಸಪುರ, ಮಧುಗಿರಿಯಂಥ ಊರಿನ ಕೋರ್ಟಿನಲ್ಲಿ.

ಸುಪ್ರೀಂ ಕೋರ್ಟ್ ಜಡ್ಜ್‌ಗೆ ಸುತ್ತ ಭದ್ರತೆ ಇದೆ, ಕೈಯಲ್ಲಿ ಸಂವಿಧಾನ ಕೊಟ್ಟ ಅಧಿಕಾರ ಇದೆ. ತಾಲ್ಲೂಕಿನ ಸಿವಿಲ್ ಜಡ್ಜ್‌ಗೆ ನಿಂದನೆಗೆ ತಾವೇ ಶಿಕ್ಷೆ ಕೊಡುವ ಅಧಿಕಾರ ಇಲ್ಲ. ಅವರು ಹೈಕೋರ್ಟಿಗೆ ಬರೆಯಬೇಕು, ಹೈಕೋರ್ಟ್ ವಿಚಾರಣೆ ಮಾಡಬೇಕು. ಅದಕ್ಕೂ ಒಂದು ತೊಡಕಿದೆ. ಆ ಕೃತ್ಯ ದಂಡ ಸಂಹಿತೆಯಲ್ಲೇ ನಿಂದನೆಯ ಅಪರಾಧ ಆಗಿದ್ದರೆ ಹೈಕೋರ್ಟ್ ನಿಂದನೆ ಕಾಯ್ದೆಯಡಿ ಕೈಹಾಕುವಂತಿಲ್ಲ. ಮತ್ತೆ ಆ ಜಡ್ಜ್‌ಗೆ ಉಳಿಯುವುದೇನು? ಹಳೇ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 267ನೇ ಕಲಂ, ಅಂದರೆ ಕಲಾಪ ನಡೆಯುವಾಗ ಬೇಕೆಂದೇ ಅವಮಾನ ಮಾಡಿದರೆ ಅಥವಾ ಅಡ್ಡಿ ಮಾಡಿದರೆ ಆರು ತಿಂಗಳವರೆಗೆ ಸಾದಾ ಸಜೆ, 5,000 ರೂಪಾಯಿವರೆಗೆ ದಂಡ. ಅವಮಾನ ಮಾಡಿದವರನ್ನು ಅಲ್ಲೇ ಹಿಡಿದಿಟ್ಟುಕೊಂಡು, ಅವತ್ತು ಕೋರ್ಟ್ ಏಳುವುದರೊಳಗೆ ತಾವೇ ವಿಚಾರಿಸಿ ದಂಡ ಹಾಕುವ ಅವಕಾಶ ನಾಗರಿಕ ಸುರಕ್ಷಾ ಸಂಹಿತೆಯ 384ನೇ ಕಲಂನಲ್ಲಿದೆ. ಎಷ್ಟು ದಂಡ? 1,000 ರೂಪಾಯಿವರೆಗೆ. ಹಳೇ ಕಾಯ್ದೆಯಲ್ಲಿ 200 ಇತ್ತು.

ಕೈ ಮಾಡಿದರೆ ಸರ್ಕಾರಿ ನೌಕರರ ಮೇಲಿನ ಹಲ್ಲೆಯ ಕಲಂ ಇದೆ, ನ್ಯಾಯ ಸಂಹಿತೆಯ 132ನೆಯದು, ಎರಡು ವರ್ಷದವರೆಗೆ ಸಜೆ. ಕಂಡಕ್ಟರ್‌ಗೆ ಹೊಡೆದರೂ ಅದೇ ಕಲಂ. ಆಸ್ಪತ್ರೆ ಸಿಬ್ಬಂದಿ ರಕ್ಷಣೆಗೆ ಕರ್ನಾಟಕದಲ್ಲಿ 2009ರಲ್ಲೇ ಪ್ರತ್ಯೇಕ ಕಾಯ್ದೆ ಬಂತು. ಚಿಕ್ಕಮಗಳೂರಿನಲ್ಲಿ ವಕೀಲರೊಬ್ಬರ ಮೇಲೆ ಪೊಲೀಸ್ ಹಲ್ಲೆ ಆರೋಪ ಬಂದು ರಾಜ್ಯದ ವಕೀಲರು ಬೀದಿಗಿಳಿದ ಮೇಲೆ, 2023ರ ಡಿಸೆಂಬರ್‌ನಲ್ಲಿ ವಕೀಲರ ಮೇಲಿನ ಹಿಂಸಾಚಾರ ತಡೆ ವಿಧೇಯಕಕ್ಕೆ ಶಾಸನಸಭೆ ಒಪ್ಪಿತು. ಒಳ್ಳೆಯದೇ. ಆದರೆ ಅದೇ ಕೋರ್ಟ್ ಹಾಲ್‌ನಲ್ಲಿ ವಕೀಲರ ಎದುರಿಗೆ ಕೂತಿರುವವರಿಗೆ ಅಂಥ ಪ್ರತ್ಯೇಕ ರಕ್ಷಣೆ ಬೇಕು ಅಂತ ಯಾರೂ ಹಾಗೆ ಬೀದಿಗಿಳಿದದ್ದು ಕಾಣಲಿಲ್ಲ. ಜಡ್ಜ್‌ಗಳು ಧರಣಿ ಕೂರುವಂತಿಲ್ಲ, ಪತ್ರಿಕಾಗೋಷ್ಠಿ ಕರೆಯುವಂತಿಲ್ಲ, ಅದೂ ಒಂದು ಕಾರಣ.

ಅಪಾಯ ಸುಳ್ಳಲ್ಲ. ದೆಹಲಿಯ ದ್ವಾರಕಾ ಕೋರ್ಟಿನಲ್ಲಿ 2025ರ ಏಪ್ರಿಲ್‌ನಲ್ಲಿ, ಚೆಕ್ ಬೌನ್ಸ್ ಕೇಸಿನಲ್ಲಿ ತಪ್ಪಿತಸ್ಥ ಅನ್ನಿಸಿಕೊಂಡವನೊಬ್ಬ ಮಹಿಳಾ ಮ್ಯಾಜಿಸ್ಟ್ರೇಟ್‌ಗೆ ತುಂಬಿದ ಕೋರ್ಟಿನಲ್ಲೇ 'ಹೊರಗೆ ಸಿಗು ನೋಡ್ಕೊತೀನಿ' ಅನ್ನೋ ರೀತಿ ಬೆದರಿಕೆ ಹಾಕಿದ ಸುದ್ದಿ ಬಂತು. 2021ರ ಜುಲೈ 28ರಂದು ಜಾರ್ಖಂಡ್‌ನ ಧನಬಾದ್‌ನಲ್ಲಿ ಬೆಳಗಿನ ಓಟಕ್ಕೆ ಹೋಗಿದ್ದ ನ್ಯಾಯಾಧೀಶ ಉತ್ತಮ್ ಆನಂದ್ ಅವರಿಗೆ ಆಟೊ ಗುದ್ದಿಸಿ ಕೊಂದರು. ಇಬ್ಬರಿಗೆ ಜೀವಾವಧಿ ಆಯಿತು. ನಮ್ಮಲ್ಲಿ 2022ರ ಹಿಜಾಬ್ ತೀರ್ಪಿನ ನಂತರ ಮೂವರು ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ಕೊಲೆ ಬೆದರಿಕೆ ಬಂದಾಗ ಸರ್ಕಾರ ತಕ್ಷಣ ವೈ ದರ್ಜೆ ಭದ್ರತೆ ಕೊಟ್ಟಿತು. ಹೈಕೋರ್ಟ್ ಆದ್ದರಿಂದ ತಕ್ಷಣ ಆಯಿತು. ರೌಡಿಶೀಟರ್‌ಗೆ ಜಾಮೀನು ಕೊಡಲ್ಲ ಅಂದ ತಾಲ್ಲೂಕು ಮ್ಯಾಜಿಸ್ಟ್ರೇಟ್, ಸಂಜೆ ಅದೇ ಊರಲ್ಲಿ ತರಕಾರಿ ತರೋಕೆ ಹೋಗಬೇಕು.

ನಿಂದನೆ ಬಿಟ್ಟು ಪೊಲೀಸ್ ಠಾಣೆಗೆ

ದೊಡ್ಡ ಕೋರ್ಟುಗಳು ನಿಂದನೆ ಅಧಿಕಾರ ಬಳಸಲು ಹಿಂಜರಿದರೆ ಸ್ವಾತಂತ್ರ್ಯ ಜಾಸ್ತಿ ಆಗುತ್ತದೆ ಅಂತ ಅಂದುಕೊಳ್ಳಬಹುದು. ಹಾಗೇ ಆಗಬೇಕಿಲ್ಲ. ಆ ಜಾಗಕ್ಕೆ ಇನ್ನೊಂದು ಬಂದು ಕೂರುತ್ತಿದೆ.

2022ರ ಫೆಬ್ರುವರಿಯಲ್ಲಿ ಹಿಜಾಬ್ ವಿಚಾರಣೆ ನಡೆಯುತ್ತಿದ್ದಾಗ, ಪೀಠದಲ್ಲಿದ್ದ ನ್ಯಾಯಮೂರ್ತಿಯೊಬ್ಬರ ಬಗ್ಗೆ ನಟ ಚೇತನ್ ಅಹಿಂಸಾ ಮಾಡಿದ ಟ್ವೀಟಿಗೆ ಬೆಂಗಳೂರು ಪೊಲೀಸರು ಅವರನ್ನು ಬಂಧಿಸಿದರು. ಹೈಕೋರ್ಟ್ ನಿಂದನೆ ಕೇಸು ಹಾಕಿರಲಿಲ್ಲ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ, ಶಾಂತಿ ಕದಡುವ ಕಲಂಗಳಡಿ ಪೊಲೀಸರೇ ಮುಂದಾದರು. ಶೂ ಪ್ರಕರಣದಲ್ಲೂ ದೆಹಲಿಯಲ್ಲಿ ದೂರಿಲ್ಲದೆ ಬಿಟ್ಟರೆ, ಬೆಂಗಳೂರಿನ ವಿಧಾನಸೌಧ ಠಾಣೆಯಲ್ಲಿ ವಕೀಲರ ದೂರಿನ ಮೇಲೆ ಝೀರೋ ಎಫ್‌ಐಆರ್ (ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದಾಖಲಿಸುವ ಎಫ್‌ಐಆರ್) ಆಯಿತು.

ಈ ಎರಡರಲ್ಲಿ ವ್ಯತ್ಯಾಸ ಇದೆ. ಶೂ ಎಸೆಯಲು ಹೋಗಿದ್ದು ದೈಹಿಕ ಕೃತ್ಯ, ಪೊಲೀಸ್ ಕೇಸಿಗೆ ತಕ್ಕದ್ದೇ. ಟ್ವೀಟ್ ಮಾತು. ಮಾತಿಗೆ ಪೊಲೀಸರು ಬಂದರೆ ಏನಾಗುತ್ತದೆ? ನಿಂದನೆ ಕೇಸಿನಲ್ಲಿ ಮೊದಲು ನೋಟಿಸ್ ಬರುತ್ತದೆ, ಉತ್ತರ ಕೊಡಲು ಸಮಯ ಸಿಗುತ್ತದೆ, ಕ್ಷಮೆ ಕೇಳುವ ಬಾಗಿಲು ತೆರೆದಿರುತ್ತದೆ, ಒಂದು ವರ್ಷ ಕಳೆದ ಮೇಲೆ ಕೇಸು ಶುರು ಮಾಡುವಂತಿಲ್ಲ. ಎಫ್‌ಐಆರ್‌ನಲ್ಲಿ ಮೊದಲೇ ಬಂಧನ ಆಗಬಹುದು, ಆಮೇಲೆ ಜಾಮೀನು, ಕೊನೆಗೆ ಯಾವಾಗಲೋ ವಿಚಾರಣೆ. ನಿಂದನೆ ಕಾಯ್ದೆ ಮೊಂಡಾದರೆ ಅದಕ್ಕಿಂತ ಹರಿತವಾದ ಕತ್ತಿ ಸ್ಥಳೀಯ ಠಾಣೆಯ ಕೈಗೆ ಹೋಗುತ್ತದೆ. ಯಾರ ಟೀಕೆಗೆ ಕೇಸು, ಯಾರದ್ದಕ್ಕೆ ಇಲ್ಲ ಅನ್ನೋದು ಆಗ ಅಧಿಕಾರದಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ ನಿಲ್ಲುತ್ತದೆ.

ಇರಲಿ ಅನ್ನುವವರು, ತೆಗೆಯಿರಿ ಅನ್ನುವವರು

ಕಾಯ್ದೆ ತೆಗೆಯಿರಿ ಅನ್ನುವವರ ಕೈಯಲ್ಲಿ ಬಲವಾದ ಉದಾಹರಣೆ ಇಂಗ್ಲೆಂಡ್. ಈ ಅಪರಾಧ ಹುಟ್ಟಿದ ಆ ದೇಶ 2013ರಲ್ಲಿ ಅದನ್ನು ರದ್ದು ಮಾಡಿತು. 2016ರಲ್ಲಿ ಅಲ್ಲಿನ ಪತ್ರಿಕೆಯೊಂದು ಮೂವರು ನ್ಯಾಯಾಧೀಶರ ಫೋಟೊ ಹಾಕಿ ಜನರ ಶತ್ರುಗಳು ಅಂತ ಮುಖಪುಟದಲ್ಲೇ ಬರೆಯಿತು. ನಿಂದನೆ ಕೇಸಾಗಲಿಲ್ಲ, ಕೋರ್ಟುಗಳೂ ಮುಚ್ಚಿಹೋಗಲಿಲ್ಲ. ಇವರ ಎರಡನೇ ವಾದ, ದೂರುದಾರನೂ ತೀರ್ಪುಗಾರನೂ ಒಬ್ಬನೇ ಆದರೆ ಅದು ನ್ಯಾಯದ ಮೊದಲ ಪಾಠಕ್ಕೇ ವಿರುದ್ಧ ಅನ್ನೋದು.

ಇರಲಿ ಅನ್ನುವವರದ್ದೂ ಪೊಳ್ಳು ವಾದ ಅಲ್ಲ. ಕೇಂದ್ರದ ಕಾನೂನು ಆಯೋಗ 2018ರಲ್ಲಿ ತನ್ನ 274ನೇ ವರದಿಯಲ್ಲಿ ಕಾಯ್ದೆ ಉಳಿಯಲಿ ಅಂದಿತು. ಇಂಗ್ಲೆಂಡಿನಲ್ಲಿ ಈ ಅಪರಾಧಕ್ಕೆ ಕೊನೆಯ ಶಿಕ್ಷೆ ಆದದ್ದು 1931ರಲ್ಲಿ, ಅಲ್ಲಿ ಬಳಕೆಯೇ ಇರಲಿಲ್ಲ, ನಮ್ಮಲ್ಲಿ ಈಗಲೂ ಕೇಸು ಬರುತ್ತಲೇ ಇದೆ ಅನ್ನೋದು ಒಂದು ಕಾರಣ. ಕಾಯ್ದೆ ತೆಗೆದರೂ 129 ಮತ್ತು 215ನೇ ವಿಧಿ ಕೊಟ್ಟ ಅಧಿಕಾರ ಹಾಗೇ ಇರುತ್ತದೆ ಅನ್ನೋದು ಇನ್ನೊಂದು. ಈ ಎರಡನೇ ಕಾರಣವನ್ನ ಗಮನಿಸಿ. ಕಾಯ್ದೆ ಹೋದರೆ ಹೋಗುವುದು ಅಧಿಕಾರ ಅಲ್ಲ, ಅದಕ್ಕಿರುವ ಕಡಿವಾಣ. ಆರು ತಿಂಗಳ ಮಿತಿ, ನ್ಯಾಯಯುತ ಟೀಕೆಯ ರಕ್ಷಣೆ, ಸತ್ಯದ ಸಮರ್ಥನೆ, ಎಲ್ಲ ಆ 1971ರ ಕಾಯ್ದೆಯಲ್ಲೇ ಇರುವುದು. 'ಬ್ರಿಟಿಷರ ಕಾಯ್ದೆ, ಕಿತ್ತು ಬಿಸಾಕಿ' ಅನ್ನುವ ಘೋಷಣೆ ಇಲ್ಲಿ ಸ್ವಲ್ಪ ಎಡವುತ್ತದೆ.

ನನಗೆ ಸರಿ ಕಾಣುವುದು ಎರಡರ ನಡುವಿನ ಒಂದು ದಾರಿ. 'ಕಳಂಕ ತರುವಂತಿರುವ' ಅನ್ನೋ ಭಾಗವನ್ನು ತೆಗೆಯಲಿ. ಕಲಾಪಕ್ಕೆ ಅಡ್ಡಿ, ಜಡ್ಜ್‌ಗೆ, ಸಾಕ್ಷಿಗೆ ಬೆದರಿಕೆ, ಇವಕ್ಕೆ ಶಿಕ್ಷೆ ಇರಲಿ, ಅದು ತಾಲ್ಲೂಕು ಮಟ್ಟದಲ್ಲೂ ಬೇಗ ನಡೆಯಲಿ. ಈಗಿರುವುದು ಇದರ ತಿರುಗುಮುರುಗು. ಮಾತಿಗೆ ಸುಪ್ರೀಂ ಕೋರ್ಟ್ ತನಕ ಹೋಗುವ ಕಾಯ್ದೆ, ತಾಲ್ಲೂಕು ಕೋರ್ಟಿನ ಒಳಗಿನ ಅವಮಾನಕ್ಕೆ ಜಡ್ಜ್ ಅಲ್ಲೇ ಹಾಕಬಹುದಾದ ದಂಡ 1,000 ರೂಪಾಯಿ.

ಜಡ್ಜ್ ಮೇಲೇ ದೂರಿದ್ದರೆ?

ಜನ ಫೇಸ್‌ಬುಕ್‌ನಲ್ಲಿ ಬೈಯುವುದಕ್ಕೆ ಒಂದು ಕಾರಣ, ದೂರು ಕೊಡಲು ಬೇರೆ ಜಾಗ ಇದೆ ಅಂತ ಗೊತ್ತಿಲ್ಲದಿರುವುದು. ಕೆಳಗಿನ ಕೋರ್ಟಿನ ಜಡ್ಜ್ ಬಗ್ಗೆ ಸದುದ್ದೇಶದಿಂದ ಹೈಕೋರ್ಟಿಗೆ ದೂರು ಕೊಟ್ಟರೆ ಅದು ನಿಂದನೆ ಅಲ್ಲ ಅಂತ 6ನೇ ಕಲಂ ಸ್ಪಷ್ಟವಾಗಿ ಹೇಳುತ್ತದೆ. ಹೈಕೋರ್ಟಿನ ವಿಜಿಲೆನ್ಸ್ ವಿಭಾಗ ಇಂಥ ದೂರು ನೋಡುತ್ತದೆ. ಮೂಗರ್ಜಿ ಹಾಕಬೇಡಿ, ಹೆಸರು, ವಿಳಾಸ, ಕೇಸ್ ನಂಬರ್, ಆಧಾರ ಎಲ್ಲ ಇಟ್ಟು, ಪ್ರಮಾಣಪತ್ರ ಸಮೇತ ಕೊಡಿ. ತೀರ್ಪು ತಪ್ಪು ಅನ್ನಿಸಿದರೆ ಅದಕ್ಕೆ ಮೇಲ್ಮನವಿ ಇದೆ, ದೂರಲ್ಲ. ಜಡ್ಜ್ ಮೇಲೇ ದಾವೆ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಕರ್ತವ್ಯದಲ್ಲಿ ಮಾಡಿದ ಕೆಲಸಕ್ಕೆ ಜಡ್ಜ್ ವಿರುದ್ಧ ಸಿವಿಲ್, ಕ್ರಿಮಿನಲ್ ಕೇಸು ನಡೆಯದಂತೆ 1985ರ ನ್ಯಾಯಾಧೀಶರ ರಕ್ಷಣಾ ಕಾಯ್ದೆ ತಡೆದಿದೆ. ಇಲ್ಲದಿದ್ದರೆ ಸೋತ ಪ್ರತಿಯೊಬ್ಬರೂ ಜಡ್ಜ್ ಮೇಲೇ ಒಂದೊಂದು ಕೇಸು ಹಾಕಿಕೊಂಡು ಕೂರುತ್ತಿದ್ದರು.

ಮರ್ಯಾದೆ ಹೋಗುವುದು ಹೊರಗಿನವರಿಂದ ಮಾತ್ರ ಅಂತಲೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆ ವೇಳೆ ಬೆಂಗಳೂರಿನ ಒಂದು ಪ್ರದೇಶವನ್ನು ಪಾಕಿಸ್ತಾನ ಅಂದದ್ದು, ಮಹಿಳಾ ವಕೀಲರಿಗೆ ಆಡಿದ ಮಾತು, ಎರಡೂ ಯೂಟ್ಯೂಬ್‌ನಲ್ಲಿ ಹರಿದಾಡಿತು. ಸುಪ್ರೀಂ ಕೋರ್ಟಿನ ಐವರ ಪೀಠ ತಾನಾಗೇ ಕೈಗೆತ್ತಿಕೊಂಡಿತು. ಅವರು ತೆರೆದ ಕೋರ್ಟಿನಲ್ಲೇ ವಿಷಾದ ಹೇಳಿದರು, ವಿಷಯ ಮುಗಿಯಿತು. ಈ ಕ್ಲಿಪ್‌ಗಳು ಹರಡಬಾರದು ಅಂತ ವಕೀಲರ ಸಂಘ ಹೈಕೋರ್ಟಿಗೆ ಹೋಯಿತು, ಹೈಕೋರ್ಟ್ ಚಾನೆಲ್‌ಗಳಿಗೆ ನಿರ್ಬಂಧವನ್ನೂ ಹಾಕಿತು. ಸುಪ್ರೀಂ ಕೋರ್ಟ್ ಮಾತ್ರ ನೇರಪ್ರಸಾರಕ್ಕೆ ಬಾಗಿಲು ಹಾಕುವುದು ಪರಿಹಾರ ಅಲ್ಲ, ಬೆಳಕು ಇನ್ನೂ ಬರಲಿ ಅನ್ನೋ ನಿಲುವು ತೆಗೆದುಕೊಂಡಿತು. ಎರಡರಲ್ಲಿ ಎರಡನೆಯದೇ ಮರ್ಯಾದೆ ಉಳಿಸುವ ದಾರಿ ಅಂತ ನನಗೆ ಅನ್ನಿಸುತ್ತದೆ.

ಮುಂದೇನು

ಸಂಸತ್ತು ಈ ಕಾಯ್ದೆ ಮುಟ್ಟುವ ಲಕ್ಷಣ ಕಾಣುತ್ತಿಲ್ಲ. ಕೋರ್ಟುಗಳೂ ಮಾತಿನ ವಿಚಾರದಲ್ಲಿ ಸ್ವಲ್ಪ ಸಡಿಲ ಬಿಡುವ ಕಡೆಗೇ ವಾಲಿದ ಹಾಗಿದೆ, ಆದರೆ ಅಧಿಕಾರವನ್ನು ಬಿಟ್ಟುಕೊಟ್ಟಿಲ್ಲ, ಹಾಗಾಗಿ ಮುಂದಿನ ಮುಖ್ಯ ನ್ಯಾಯಮೂರ್ತಿ ಯಾರು, ಮುಂದಿನ ಟ್ವೀಟ್ ಯಾರದ್ದು ಅನ್ನೋದರ ಮೇಲೆ ಫಲಿತಾಂಶ ಮತ್ತೆ ಬದಲಾಗಬಹುದು. ಇತ್ತ ವಕೀಲರ ಸಂಘಗಳು, ಪಕ್ಷಗಳ ಬೆಂಬಲಿಗರು ಠಾಣೆಗೆ ಹೋಗಿ ದೂರು ಕೊಡುವುದು ಜಾಸ್ತಿಯಾಗಬಹುದು. ಕೋಲಾರ, ತುಮಕೂರಿನ ಓದುಗರಿಗೆ ಹತ್ತಿರದ ಅಪಾಯ ದೆಹಲಿಯ ನೋಟಿಸ್ ಅಲ್ಲ, ಈ ಎಫ್‌ಐಆರೇ.

ಸುಪ್ರೀಂ ಕೋರ್ಟ್ ಯೋಚಿಸುತ್ತೇವೆ ಅಂದ ಮಾರ್ಗಸೂಚಿ ಬಂದಾಗ ಚಾನೆಲ್‌ಗಳು ಶೂ ವಿಡಿಯೊವನ್ನೇ ಇನ್ನೊಂದು ಸಲ ಹಾಕುತ್ತವೆ. ಓದುವವರು ಮೊದಲು ಹುಡುಕಬೇಕಾದ್ದು ಅದರಲ್ಲಿ ತಾಲ್ಲೂಕು ಕೋರ್ಟಿನ ಬಗ್ಗೆ ಒಂದು ಸಾಲಾದರೂ ಇದೆಯಾ ಅಂತ.